ಕರಿಬೇವಿನ ಹೆಸರಿನಲ್ಲಿರುವ ವೈದ್ಯರು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಮನೆಗಳಲ್ಲಿ ಒಗ್ಗರಣೆಗೆ ಕರಿಬೇವು ಬೀಳದ ದಿನವು ಅಪರೂಪವೇ ಸರಿ. ಆದರೆ ಸಸ್ಯಶಾಸ್ತ್ರದಲ್ಲಿ ಆ ಗಿಡಕ್ಕೆ ‘ಕೋನಿಗೀ’ ಎಂಬ ಹೆಸರು ಹೇಗೆ ಸೇರಿತೆಂಬುದನ್ನು ಬಲ್ಲವರು ವಿರಳ. ಆ ಸಂಗತಿಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ಅರಿಕೆಮಾಡಬಯಸುತ್ತೇನೆ.

ಯೋಹಾನ್ ಗೆರ್ಹಾರ್ಡ್ ಕೋನಿಗ್ ಎಂಬವರು 1728ರಲ್ಲಿ ಬಾಲ್ಟಿಕ್ ಸಮುದ್ರದ ಕಡೆಯ ಲಿವೋನಿಯಾ ಪ್ರಾಂತದಲ್ಲಿ ಜನಿಸಿದರು. ಹುಟ್ಟಿನಿಂದ ಡೇನರಲ್ಲದಿದ್ದರೂ ಅವರು ಡೆನ್ಮಾರ್ಕಿನಲ್ಲಿ ಹಲವು ವರ್ಷ ನೆಲಸಿದ್ದರು. ಸ್ವೀಡನ್ನಿನ ಪ್ರಸಿದ್ಧ ಪಂಡಿತರಾದ ಲಿನ್ನೇಯಸರ ಶಿಷ್ಯರಾಗಿ, 1765ರಲ್ಲಿ ಐಸ್‌ಲೆಂಡಿನ ಗಿಡಗಳನ್ನು ಶೋಧಿಸಿದರು. ಆ ಹಿಮದ ನಾಡಿನ ಒಂದು ಪುಟ್ಟ ಸಸ್ಯಕ್ಕೆ ಗುರುಗಳು ಶಿಷ್ಯನ ನೆನಪಿಗಾಗಿ ‘ಕೋನಿಗಿಯಾ’ ಎಂದು ಹೆಸರಿಟ್ಟರು.

1768ರಲ್ಲಿ ಕೋನಿಗರು ವೈದ್ಯರಾಗಿ ತರಂಗಂಬಾಡಿಗೆ ಬಂದರು. ಆ ಊರು 1620ರಿಂದ 1845ರ ವರೆಗೆ ಡೇನರ ನೆಲೆಯಾಗಿದ್ದು, 1706ರಿಂದ ಅಲ್ಲಿ ಮಿಶನ್ ಸಹ ಇದ್ದಿತು. ಆ ಕಾಲದಲ್ಲಿ ಮದ್ದೆಂದರೆ ಬಹುಮಟ್ಟಿಗೆ ಬೇರು, ತೊಗಟೆ, ಎಲೆಗಳೇ. ಗಿಡದ ಗುರುತು ತಪ್ಪಿದರೆ ರೋಗಿಯ ಪ್ರಾಣಕ್ಕೇ ಅಪಾಯ. ಆದಕಾರಣ ವೈದ್ಯಕವೂ ಸಸ್ಯಶಾಸ್ತ್ರವೂ ಆಗ ಒಂದೇ ಮನೆಯ ಅಕ್ಕತಂಗಿಯರಂತಿದ್ದುವು. ಕೋನಿಗರು ಇಲ್ಲಿಯ ಗಿಡಗಳನ್ನು ಒಣಗಿಸಿ ಗುರುಗಳಿಗೆ ಕಳುಹಿಸುತ್ತಿದ್ದರು. ಕರಿಬೇವು ಬೆಳೆಯದ ಉಪ್ಸಾಲದಲ್ಲಿ ಕುಳಿತು ಲಿನ್ನೇಯಸರು 1771ರಲ್ಲಿ ಅದಕ್ಕೆ ‘ಬರ್ಗೆರಾ ಕೋನಿಗೀ’ ಎಂದು ನಾಮಕರಣ ಮಾಡಿದರು. 1825ರಲ್ಲಿ ಸ್ಪ್ರೆಂಗೆಲರು ಅದನ್ನು ‘ಮರ್ರಾಯ’ ಎಂಬ ಕುಲಕ್ಕೆ ಸೇರಿಸಿದರು. ಈಚೆಗೆ ಅನೇಕರು ಮೊದಲಿನ ಕುಲಕ್ಕೇ ಮರಳಿದ್ದಾರೆ. ಕುಲ ಬದಲಾದರೂ ಕೋನಿಗರ ಹೆಸರು ಮಾತ್ರ ಅಳಿಯಲಿಲ್ಲ.

ನಮ್ಮ ಮಾತಿನ ಹೆಸರಿಗೂ ಒಂದು ತೊಡಕುಂಟು. ಕರಿಬೇವು ಬೇವಿನ ಬಳಗದ್ದಲ್ಲ, ನಿಂಬೆಯ ಬಳಗದ್ದು. ಎಲೆಯನ್ನು ಬೆಳಕಿಗೆ ಹಿಡಿದು ನೋಡಿರಿ; ನಿಂಬೆಯೆಲೆಯಲ್ಲಿರುವಂತೆಯೇ ಎಣ್ಣೆಯ ಸಣ್ಣ ಚುಕ್ಕೆಗಳು ಕಾಣುವುವು. ಪರಿಮಳವಿರುವುದು ಅವುಗಳಲ್ಲಿಯೇ.

ಹುಡುಗಿಯರಿಗೆ ಗಿಡಗಳ ಲ್ಯಾಟಿನ್ ಹೆಸರುಗಳು ಏತಕ್ಕೆಂದು ಕೆಲವು ತಂದೆಗಳು ನನ್ನನ್ನು ಕೇಳುವುದುಂಟು. ತಲಚೇರಿಯ ಜಾನಕಿ ಅಮ್ಮಾಳರು ಸಸ್ಯಶಾಸ್ತ್ರವನ್ನು ವ್ಯಾಸಂಗಮಾಡಿ 1931ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರ್ ಪದವಿಯನ್ನು ಪಡೆದರು. ಮ್ಯಾಗ್ನೋಲಿಯಾ ಹೂವಿನ ಒಂದು ತಳಿಗೆ ಅವರ ಹೆಸರಿದೆ. ನಾನು ಆ ತಂದೆಗಳಿಗೆ ಇಷ್ಟನ್ನೇ ಹೇಳುತ್ತೇನೆ. ಆದರೆ ಕೋನಿಗರಿಗಿಂತ ಎಷ್ಟೋ ಮುಂಚೆ ಈ ಎಲೆಯ ಗುಣವನ್ನು ಬಲ್ಲ ನಮ್ಮ ಅಜ್ಜಿಯರಲ್ಲಿ ಒಬ್ಬರ ಹೆಸರೂ ಗ್ರಂಥಕ್ಕೆ ಬಾರದಿರುವುದು ನನ್ನ ಮನಸ್ಸಿಗೆ ಒಪ್ಪದು.

ಕೋನಿಗರು 1774ರಲ್ಲಿ ಆರ್ಕಾಟಿನ ನವಾಬರ, 1778ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿ ಸಯಾಮ್, ಮಲಾಕ್ಕಾಗಳ ವರೆಗೆ ಸಂಚರಿಸಿದರು. 1785ರಲ್ಲಿ ಕಾಕಿನಾಡದ ಬಳಿಯ ಜಗನ್ನಾಥಪುರದಲ್ಲಿ ಆಮಶಂಕೆಯಿಂದ ಮಲಗಿದಾಗ, ಅವರಂತೆಯೇ ವೈದ್ಯರೂ ಸಸ್ಯಪಂಡಿತರೂ ಆಗಿದ್ದ ರಾಕ್ಸ್‌ಬರ್ಗರು ಶುಶ್ರೂಷೆ ಮಾಡಿದರು, ಪ್ರಾಣ ಉಳಿಯಲಿಲ್ಲ. ಅವರ ಕೈಬರಹಗಳು ಲಂಡನ್ನಿನ ಜೋಸೆಫ್ ಬ್ಯಾಂಕ್ಸರಿಗೆ ಸೇರಿದುವು.