ತಂತಿ ಬಿಗಿದರೆ ಕಲಬುರಗಿ ಕೇಳುತ್ತದೆ

ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಕೇಳುಗರಿಗೆ ರೇಡಿಯೊ ಸ್ಟೇಷನ್ ಬಹುಕಾಲ ದೂರದ್ದೇ ಆಗಿತ್ತು. ನಿಜಾಮರ ಕಾಲದಲ್ಲಿ ಹೈದರಾಬಾದಿನ ಡೆಕ್ಕನ್ ರೇಡಿಯೊ. 1935ರಲ್ಲಿ ಶುರುವಾದ ಅದನ್ನು 1950ರಲ್ಲಿ ಆಲ್ ಇಂಡಿಯಾ ರೇಡಿಯೊ ವಹಿಸಿಕೊಂಡಿತು. ಕಲಬುರಗಿಗೆ ಆಕಾಶವಾಣಿ ಬಂದದ್ದು 1966ರಲ್ಲಿ. ಅದೂ ಹುಮನಾಬಾದಿನಿಂದ ಸುಮಾರು 60 ಕಿ.ಮೀ. ಆಚೆ. ಇಷ್ಟು ದೂರದ ದನಿಯನ್ನು ಮನೆಯೊಳಗೆ ಎಳೆದು ತಂದದ್ದು ಏರಿಯಲ್ ತಂತಿ.

ವಾಲ್ವ್ ಸೆಟ್ಟುಗಳ ಕಾಲದಲ್ಲಿ ಮಾಳಿಗೆಯ ಮೇಲೆ ಎರಡು ಗಳ ನಿಲ್ಲಿಸಿ, ನಡುವೆ ತಾಮ್ರದ ತಂತಿ ಬಿಗಿಯುತ್ತಿದ್ದರು. ತುದಿಗಳಿಗೆ ಪಿಂಗಾಣಿಯ ಗುಂಡು. ಸಿಕ್ಕಿದ ಸಿಗ್ನಲ್ ಒದ್ದೆ ಗಳದ ಗುಂಟ ಸೋರಿಹೋಗದಿರಲಿ ಎಂಬುದು ಅದರ ಉದ್ದೇಶ. ನೆಲಕ್ಕೆ ಹೊಡೆದ ಕಬ್ಬಿಣದ ಸರಳು ಅರ್ತಿಂಗ್‌ಗೆ. ಬೇಸಿಗೆಯಲ್ಲಿ ಅದರ ಬುಡಕ್ಕೆ ನೀರು ಹೊಯ್ಯಬೇಕಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ಮೀಡಿಯಂ ವೇವ್‌ನ ಆಂಟೆನಾ ಫೆರೈಟ್ ಕಡ್ಡಿಯಾಗಿ ಸೆಟ್ಟಿನ ಒಳಗೇ ಸೇರಿತು.

ಕೈಗೆ ಸಿಕ್ಕ ಸಾಮಾನಿನಲ್ಲಿ ಆಂಟೆನಾ ಮಾಡುವುದನ್ನು ವಿಜ್ಞಾನಿಗಳೂ ಕೀಳೆಂದು ನೋಡಲಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ 'ಸೈಟ್' ಎಂಬ ಉಪಗ್ರಹ ಟಿ.ವಿ. ಪ್ರಯೋಗದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಉಪಗ್ರಹದಿಂದ ನೇರವಾಗಿ ಟಿ.ವಿ. ನೋಡಿದವು. ಅಲ್ಲಿ ನಿಂತದ್ದು ಕೋಳಿಗೂಡಿಗೆ ಹೊದಿಸುವ ಜಾಲರಿಯಿಂದಲೇ ಮಾಡಿದ, 3 ಮೀಟರ್ ಅಗಲದ ಡಿಶ್! ನಮ್ಮ ಭಾಗದ ತಂತ್ರಜ್ಞಾನದ ಚರಿತ್ರೆಯಲ್ಲಿ ಅದಕ್ಕೆ ಇನ್ನೂ ದೊಡ್ಡ ಜಾಗ ಸಿಗಬೇಕು.

ಇಂದು ಡಿಶ್ ಟಿ.ವಿ. ಹಾಕಿಸಿದ ಮನೆಗಳಲ್ಲಿ ತುಂಡು ಕೇಬಲ್ ಉಳಿದೇ ಇರುತ್ತದೆ. ಎಫ್‌ಎಂ ರೇಡಿಯೊಗೆ ಆಂಟೆನಾ ಮಾಡಿಕೊಳ್ಳಲು ಆ ಕೇಬಲ್ ಸಾಕು. 100 ಮೆಗಾಹರ್ಟ್ಸ್‌ನ ಅಲೆ 3 ಮೀಟರ್ ಉದ್ದ. ಅದರ ಕಾಲುಭಾಗ 75 ಸೆಂ.ಮೀ. ಅಷ್ಟುದ್ದದ ಎರಡು ತಾಮ್ರದ ತಂತಿ ತೆಗೆದುಕೊಂಡು, ಒಂದನ್ನು ಕೇಬಲ್‌ನ ನಡುತಂತಿಗೆ, ಇನ್ನೊಂದನ್ನು ಸುತ್ತಲಿನ ಹೆಣಿಗೆಗೆ ಸೇರಿಸಿ, ಒಣಕಟ್ಟಿಗೆಯ ಮೇಲೆ ಎಡಬಲಕ್ಕೆ ಚಾಚಬೇಕು. ತಂತಿಯ ತುದಿಯಲ್ಲ, ಅದರ ಮಗ್ಗುಲು ಸ್ಟೇಷನ್ ಕಡೆಗಿರಲಿ. ಕೇಬಲ್‌ನ ಇನ್ನೊಂದು ಕೊನೆಯ ನಡುತಂತಿ ಸೆಟ್ಟಿನ ಏರಿಯಲ್ ಕೋಲಿಗೆ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ಹೋಗುವುದರಿಂದ ಎತ್ತರ ಹೆಚ್ಚಿದಷ್ಟೂ ಲಾಭ.

ಕಲಬುರಗಿಯ 1107 ಕಿಲೋಹರ್ಟ್ಸ್‌ನಂಥ ಮೀಡಿಯಂ ವೇವ್‌ಗೆ ಈ ಲೆಕ್ಕ ನಡೆಯದು; ಅದರ ಅಲೆ 271 ಮೀಟರ್. 15 ಮೀಟರ್ ವೈರ್ ಎಳೆದು, ಕೊನೆಯನ್ನು ಸೆಟ್ಟಿಗೆ ನಾಲ್ಕಾರು ಸುತ್ತು ಸುತ್ತಿದರೆ ಒಳಗಿನ ಫೆರೈಟ್ ಕಡ್ಡಿಗೆ ಬಲ ಬರುತ್ತದೆ.

ಒಂದು ಮಾತು ಮಾತ್ರ ಮರೆಯಬೇಡಿ: ಜೆಸ್ಕಾಂ ವಿದ್ಯುತ್ ಲೈನಿನ ಹತ್ತಿರ ತಂತಿ ಎಳೆಯಬೇಡಿ, ಮೋಡ ಕಟ್ಟಿದ ಕೂಡಲೇ ಅದನ್ನು ಸೆಟ್ಟಿನಿಂದ ಕಳಚಿ ಹೊರಗಿಡಿ.