ಅಂಚೆಚೀಟಿಯಿಲ್ಲದ ಕಾರ್ಡು

ಕೆಲವು ದಿನಗಳ ಹಿಂದೆ ಮನೆಭೇಟಿಗೆಂದು ಹೋಗಿದ್ದಾಗ ವೃದ್ಧ ತಾಯಿಯೊಬ್ಬರು ತಮ್ಮ ಮೊಬೈಲನ್ನು ನನ್ನ ಕೈಗಿತ್ತರು. ಅವರ ಮಗ ಸಂಸಾರಸಮೇತ ಮಾಲ್ದೀವ್ಸ್ ದ್ವೀಪಗಳಿಗೆ ರಜೆ ಕಳೆಯಲು ಹೋಗಿದ್ದ. ನೀಲಿ ಕಡಲು, ತೆಂಗಿನ ಸಾಲು, ಸೂರ್ಯಾಸ್ತ, ಊಟದ ಮೇಜು, ಹೀಗೆ ಚಿತ್ರಗಳು ಒಂದರ ಹಿಂದೊಂದು ಮೂಡುತ್ತಲೇ ಇದ್ದವು. ನಾನು ಮೆಚ್ಚಿ ಹಿಂದಿರುಗಿಸಿದಾಗ ಆ ತಾಯಿ ಮೆಲ್ಲನೆ, “ಎಲ್ಲರಿಗೂ ಕಳಿಸಿದ್ದನ್ನೇ ನನಗೂ ಕಳಿಸಿದ್ದಾನೆ ಫಾದರ್. ಅಮ್ಮಾ ಅಂತ ಒಂದು ಮಾತು ಬರೆದಿಲ್ಲ ನೋಡಿ” ಎಂದರು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಹಳೆಯ ಕಾಗದಗಳನ್ನು ಚುಚ್ಚಿಡುವ ತಂತಿಯ ಕೊಕ್ಕೆ ಇನ್ನೂ ತೂಗುತ್ತಿತ್ತು. ತೀರಿಹೋದ ಪತಿ ಮುಂಬಯಿಯಿಂದ ಬರೆದ ಕಾರ್ಡುಗಳು ಅದರಲ್ಲಿ ಹಳದಿಗಟ್ಟಿದ್ದವು.

ಆ ಮಾತಿಗೆ ನಾನು ಉತ್ತರ ಕೊಡಲಿಲ್ಲ. ಮನೆಗೆ ಮರಳುವಾಗ ಮಾತ್ರ, ದೂರದ ಇನ್ನೊಂದು ದ್ವೀಪದ ಕುರಿತು ಓದಿದ್ದು ನೆನಪಾಯಿತು. ಅದನ್ನು ಓದುಗರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ದಕ್ಷಿಣ ಅಮೆರಿಕದ ಎಕ್ವಡಾರ್ ದೇಶದಿಂದ ಪಶ್ಚಿಮಕ್ಕೆ ಸುಮಾರು 1000 ಕಿಲೋಮೀಟರ್ ದೂರದಲ್ಲಿ, ಪೆಸಿಫಿಕ್ ಸಾಗರದ ನಡುವೆ, ಭೂಮಧ್ಯರೇಖೆಯ ಮೇಲೆ ಗ್ಯಾಲಪಗೋಸ್ ದ್ವೀಪಸಮೂಹವಿದೆ. ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ 1835ರಲ್ಲಿ ಕಾಲಿಟ್ಟ ದ್ವೀಪಗಳಿವು. 1978ರಲ್ಲಿ ವಿಶ್ವ ಪರಂಪರೆಯ ತಾಣವೆಂಬ ಮನ್ನಣೆ ಪಡೆದವು. ಅಲ್ಲಿನ ಫ್ಲೋರಿಯಾನಾ ದ್ವೀಪದ ಉತ್ತರ ತೀರದಲ್ಲಿ ‘ಅಂಚೆ ಕಚೇರಿ ಕೊಲ್ಲಿ’ ಎಂಬ ಹೆಸರಿನ ಸ್ಥಳವೊಂದುಂಟು. ಆದರೆ ಅಲ್ಲಿ ಕಟ್ಟಡವಿಲ್ಲ, ಅಂಚೆಯಣ್ಣನಿಲ್ಲ, ಮೊಹರೂ ಇಲ್ಲ. ಇರುವುದು ಕಂಬದ ಮೇಲೆ ಕೂರಿಸಿದ ಒಂದು ಮರದ ಪೀಪಾಯಿ ಮಾತ್ರ.

ರಜೆಗೆಂದು ಬಂದ ಪ್ರವಾಸಿಗಳು ಊರಿನವರಿಗೆ ಬರೆದ ಕಾರ್ಡುಗಳನ್ನು ಅಂಚೆಚೀಟಿ ಅಂಟಿಸದೆ ಆ ಪೀಪಾಯಿಯಲ್ಲಿ ಹಾಕುತ್ತಾರೆ. ಆದರೆ ಹಾಕಿದಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಒಳಗಿರುವ ಕಾರ್ಡುಗಳನ್ನು ಹೊರತೆಗೆದು, ಒಂದೊಂದರ ವಿಳಾಸವನ್ನೂ ಓದಿ, ತಮ್ಮ ಊರಿಗೆ ಸಮೀಪದ್ದು ಯಾವುದಾದರೂ ಇದ್ದರೆ ಅದನ್ನು ಜತೆಗೆ ಒಯ್ಯಬೇಕು. ಸಾಧ್ಯವಾದರೆ ಆ ಮನೆಯ ಬಾಗಿಲು ತಟ್ಟಿ ಕೈಯಾರೆ ಮುಟ್ಟಿಸಬೇಕು. ಕೆಲವು ಕಾರ್ಡುಗಳು ವಾರದಲ್ಲೇ ಮನೆ ಸೇರುತ್ತವೆ. ಕೆಲವು ವರ್ಷಗಟ್ಟಲೆ ಕಾಯುತ್ತವೆ. ಯಾರೂ ಯಾರನ್ನೂ ಒತ್ತಾಯಿಸುವಂತಿಲ್ಲ, ಸಂಬಳ ಪಡೆಯುವವರೂ ಇಲ್ಲ.

ಈ ವಾಡಿಕೆ ಹುಟ್ಟಿದ್ದು ವಿನೋದಕ್ಕಾಗಿ ಅಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ತಿಮಿಂಗಿಲ ಬೇಟೆಯ ಹಡಗುಗಳು ಈ ಸಾಗರಕ್ಕೆ ಬರತೊಡಗಿದವು. ಒಮ್ಮೆ ಮನೆ ಬಿಟ್ಟ ನಾವಿಕ ಮರಳಲು ಎರಡು ಮೂರು ವರ್ಷಗಳೇ ಬೇಕಾಗುತ್ತಿತ್ತು. ತಾನು ಬದುಕಿರುವೆನೆಂದು ಹೆಂಡತಿ ಮಕ್ಕಳಿಗೆ ತಿಳಿಸುವ ಬಗೆಯಾದರೂ ಹೇಗೆ? ಬ್ರಿಟಿಷ್ ನೌಕಾಧಿಕಾರಿ ಜೇಮ್ಸ್ ಕಾಲ್ನೆಟ್ ಎಂಬಾತ 1793ರಲ್ಲಿ ಇಲ್ಲಿ ಪೀಪಾಯಿಯನ್ನು ಇಟ್ಟನೆಂಬುದು ಪ್ರಚಲಿತ ಹೇಳಿಕೆ. ಹೊರಟ ಹಡಗಿನವರು ಪತ್ರವಿಟ್ಟು ಹೋಗುವರು; ಊರಿಗೆ ಮರಳುವ ಹಡಗಿನವರು ಅದನ್ನು ಎತ್ತಿಕೊಂಡು ಹೋಗುವರು.

ಈ ದ್ವೀಪಗಳ ಮೊದಲ ಲಿಖಿತ ವರ್ಣನೆಯೂ ಒಂದು ಪತ್ರವೇ ಎಂಬುದು ನಮ್ಮ ಓದುಗರಿಗೆ ಆಸಕ್ತಿಯ ವಿಷಯವಾದೀತು. 1535ರಲ್ಲಿ ಪನಾಮದ ಧರ್ಮಾಧ್ಯಕ್ಷ, ಡೊಮಿನಿಕನ್ ಸಭೆಯ ತೋಮಾಸ್ ದೆ ಬರ್ಲಾಂಗ ಪೆರುವಿಗೆ ಹೊರಟಿದ್ದಾಗ ಗಾಳಿ ನಿಂತು, ಹಡಗು ಸೆಳವಿಗೆ ಸಿಕ್ಕಿ ಇಲ್ಲಿಗೆ ಬಂದು ಸೇರಿತು. ಕುಡಿಯುವ ನೀರಿಲ್ಲದೆ ಪಾಪಾಸುಕಳ್ಳಿಯ ತಿರುಳನ್ನು ಹಿಂಡಿ ಬಾಯಾರಿಕೆ ತಣಿಸಿಕೊಂಡ ಬಗೆ, ದೈತ್ಯ ಆಮೆಗಳು, ಮನುಷ್ಯರನ್ನು ಕಂಡು ಓಡಲರಿಯದ ಹಕ್ಕಿಗಳು, ಇವೆಲ್ಲವನ್ನೂ ಅವರು ಸ್ಪೇನಿನ ಚಕ್ರವರ್ತಿ ಐದನೆಯ ಚಾರ್ಲ್ಸ್‌ಗೆ ಬರೆದು ತಿಳಿಸಿದರು.

ಹಾಗೆಂದು ಪೀಪಾಯಿಯ ಚರಿತ್ರೆಯೆಲ್ಲ ಒಳಿತಿನದೇ ಎಂದು ಭಾವಿಸಬಾರದು. 1813ರಲ್ಲಿ, ಅಮೆರಿಕ ಮತ್ತು ಬ್ರಿಟನ್ ನಡುವೆ ಯುದ್ಧ ನಡೆದಿದ್ದ ಕಾಲದಲ್ಲಿ, ಅಮೆರಿಕದ ‘ಎಸೆಕ್ಸ್’ ಯುದ್ಧನೌಕೆಯ ನಾಯಕ ಡೇವಿಡ್ ಪೋರ್ಟರ್ ಇಲ್ಲಿನ ಅಂಚೆಪೆಟ್ಟಿಗೆಯ ಪತ್ರಗಳನ್ನು ತರಿಸಿ ಓದಿದನು. ಈ ಸಾಗರದಲ್ಲಿ ಬೇಟೆಗೆ ಬಂದ ಹಡಗುಗಳ ಸುಳಿವು ಅವನಿಗೆ ಅವುಗಳಿಂದ ದೊರೆಯಿತು. ಮುಂದೆ ಅವನು ಹತ್ತಕ್ಕೂ ಹೆಚ್ಚು ಬ್ರಿಟಿಷ್ ಹಡಗುಗಳನ್ನು ವಶಪಡಿಸಿಕೊಂಡನು. ಮನೆಯವರನ್ನು ನೆನೆದು ಬರೆದ ಅಕ್ಷರಗಳು ಬೇಟೆಯ ಜಾಡಾದವು. ಮರುವರ್ಷ ಎಸೆಕ್ಸ್ ನೌಕೆಯೂ ಬ್ರಿಟಿಷರ ಕೈಸೇರಿತೆಂಬುದು ಬೇರೆ ಮಾತು.

ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಹೇಳಿದ ನೀತಿಯೊಂದನ್ನು ಸೆಮಿನರಿಯಲ್ಲಿ ನಾವು ಬಾಯಿಪಾಠ ಮಾಡಿದ್ದೆವು: ಮನುಷ್ಯನನ್ನು ಕೇವಲ ಸಾಧನವಾಗಿ ಎಂದೂ ಬಳಸಕೂಡದು. ಅಂದು ಅದು ಪರೀಕ್ಷೆಗೆ ಬೇಕಾದ ವಾಕ್ಯವಾಗಿತ್ತು. ಈ ಪೀಪಾಯಿಯ ಮುಂದಿಟ್ಟು ನೋಡಿದಾಗ ಅದರ ಅರ್ಥ ತಿಳಿಯಾಗುತ್ತದೆ. ಪೋರ್ಟರ್‌ನಿಗೆ ಆ ಪತ್ರಗಳು ಸಾಧನ ಮಾತ್ರವಾಗಿದ್ದವು. ಬರೆದವನೂ ಇಲ್ಲ, ಕಾಯುವವಳೂ ಇಲ್ಲ. ಆದರೆ ಅಪರಿಚಿತನ ಕಾರ್ಡನ್ನು ಹೊತ್ತು ತರುವ ಪ್ರವಾಸಿಗೆ ಆ ವಿಳಾಸದ ಹಿಂದೆ ಒಂದು ಮುಖ ಕಾಣುತ್ತದೆ. ತನ್ನ ಕಾರ್ಡಿನ ಗತಿಯೂ ಇಂಥದೇ ಇನ್ನೊಬ್ಬನ ಕೈಯಲ್ಲಿದೆ ಎಂಬುದನ್ನು ಅವನು ಬಲ್ಲ. ಅಂಥ ದ್ರೋಹವಾದ ಬಳಿಕವೂ ಆ ವಾಡಿಕೆ ಇಂದಿನವರೆಗೆ ಉಳಿದುಬಂದಿದೆ.

ನಮ್ಮ ಕನ್ನಡದಲ್ಲಿ ‘ವಿಶ್ವಾಸ’ ಎಂಬ ಒಂದೇ ಪದ ನಂಬಿಕೆಗೂ ಸಲ್ಲುತ್ತದೆ, ಅಕ್ಕರೆಗೂ ಸಲ್ಲುತ್ತದೆ. “ಇಂತಿ ನಿಮ್ಮ ವಿಶ್ವಾಸಿ” ಎಂದು ಸಹಿ ಮಾಡಿದ ಹಿರಿಯರು ಎರಡನ್ನೂ ಒಟ್ಟಿಗೇ ಕಳುಹಿಸುತ್ತಿದ್ದರು. ನಮ್ಮ ದೇಶಕ್ಕೆ 1879ರಲ್ಲಿ ಕಾಲಾಣೆ ಬೆಲೆಗೆ ಬಂದ ಅಂಚೆ ಕಾರ್ಡು ಬಡವರ ಮನೆಗೂ ಈ ವಿಶ್ವಾಸವನ್ನು ಮುಟ್ಟಿಸಿತು. ಅಂಗೈಯಗಲದ ಜಾಗದಲ್ಲಿ ತನ್ನ ಹೆಚ್ಚುಗಾರಿಕೆಯನ್ನು ಹೇಳಿಕೊಳ್ಳಲು ಎಡೆಯೆಲ್ಲಿ? “ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ” ಎನ್ನುವಷ್ಟರಲ್ಲಿ ಅದು ತುಂಬಿಹೋಗುತ್ತಿತ್ತು.

ಮೊಬೈಲನ್ನು ದೂರುವುದು ನನ್ನ ಇಂಗಿತವಲ್ಲ. ಅದರಿಂದಾದ ಉಪಕಾರ ದೊಡ್ಡದು. ಆದರೆ ನೂರು ಮಂದಿಗೆ ಒಟ್ಟಿಗೆ ಹೋದ ಚಿತ್ರ ನಾನು ಎಲ್ಲಿದ್ದೇನೆಂದು ತೋರಿಸುತ್ತದೆಯೇ ಹೊರತು, ಅಲ್ಲಿದ್ದು ಯಾರನ್ನು ನೆನೆದೆನೆಂದು ಹೇಳುವುದಿಲ್ಲ. ಕಾರ್ಡಿನ ಮೇಲೆ ಮೊದಲು ಬರೆಯಬೇಕಾದದ್ದು ಇನ್ನೊಬ್ಬರ ಹೆಸರು.

ಪ್ರಿಯ ಓದುಗರೇ, ಈ ರಜೆಯಲ್ಲಿ ನೀವು ಎಲ್ಲಿಗಾದರೂ ಹೋಗುವಿರಾದರೆ ಅಲ್ಲಿಂದ ಒಂದು ಕಾರ್ಡು ಬರೆಯಿರಿ. ಮೂರು ಸಾಲು ಸಾಕು, ಮೊದಲ ಸಾಲಿನಲ್ಲಿ “ಅಮ್ಮಾ” ಎಂದಿರಲಿ. ನೀವೇ ಮೊದಲು ಮನೆ ಸೇರಿ, ಕಾರ್ಡು ಆಮೇಲೆ ಬಂದರೂ ಚಿಂತೆಯಿಲ್ಲ. ಗೋಡೆಯ ಮೇಲಿನ ಆ ತಂತಿಯಲ್ಲಿ ಇನ್ನೂ ಜಾಗವಿದೆ.