ನನ್ನ ಚಲನ್ನಿನ ಫೋಟೊದಲ್ಲಿ ಜೀಪಿನ ಚಕ್ರವೂ ಇತ್ತು

ಕಾಮೋಠೆಗೆ ಬಂದು ನನಗೆ ಆರು ವರ್ಷವಾಯಿತು. ಮಾನಸರೋವರ ಸ್ಟೇಷನ್ನಿನಲ್ಲಿ ಇಳಿದು ಒಳಗೆ ನಡೆದರೆ ಸಿಡ್ಕೊ ಅಳೆದು ಹಾಕಿದ ಸೆಕ್ಟರ್‌ಗಳು, ನಂಬರ್ ಇರುವ ಪ್ಲಾಟುಗಳು. ನಕ್ಷೆಯಲ್ಲಿ ಎಲ್ಲವೂ ಅಚ್ಚುಕಟ್ಟು. ರಸ್ತೆಗೆ ಇಳಿದರೆ ಮಾತ್ರ ಎರಡೂ ಬದಿ ಕಾರು, ಸ್ಕೂಟರ್, ರಿಕ್ಷಾ, ಟೆಂಪೊ. ನಡುವೆ ಉಳಿಯುವುದು ಒಂದು ಗಾಡಿ ಹೋಗುವಷ್ಟು ದಾರಿ. ನಮ್ಮ ಕಟ್ಟಡ ಕಟ್ಟಿದವರು ಮನೆಗೊಂದು ಸ್ಕೂಟರ್ ಇದ್ದರೆ ಹೆಚ್ಚು ಎಂದುಕೊಂಡಿದ್ದರೋ ಏನೋ. ಈಗ ಮನೆಗೊಂದು ಕಾರಿದೆ. ನನ್ನದೂ ಒಂದಿದೆ.

ನಮ್ಮ ಗಲ್ಲಿಯ ತಿರುವಿನಲ್ಲಿ ‘ನೋ ಪಾರ್ಕಿಂಗ್’ ಫಲಕವಿದೆ. ಅದರ ಕೆಳಗೆ ಗಾಡಿ ನಿಲ್ಲದ ದಿನವನ್ನು ನಾನು ಕಂಡಿಲ್ಲ. ಕಳೆದ ಮಳೆಗಾಲದ ಒಂದು ಸಂಜೆ ಅಲ್ಲಿ ಒಂದು ಪೊಲೀಸ್ ಜೀಪು ನಿಂತಿತ್ತು. ಯಾವ ಠಾಣೆಯದು ಎಂಬುದು ಇಲ್ಲಿ ಮುಖ್ಯವಲ್ಲ. ಅದರ ಹಿಂದೆ ಒಂದು ಕಾರು ಹಿಡಿಯುವಷ್ಟು ಜಾಗವಿತ್ತು. ಪೊಲೀಸರೇ ನಿಲ್ಲಿಸಿದ್ದಾರಲ್ಲ, ನಾನು ಹತ್ತು ನಿಮಿಷ ನಿಲ್ಲಿಸಿದರೆ ಏನಾದೀತು ಎಂದುಕೊಂಡು ನಿಲ್ಲಿಸಿ ಮನೆಗೆ ಹೋದೆ. ಹತ್ತು ನಿಮಿಷ ಆಫೀಸಿನ ಒಂದು ಕಾಲ್‌ನಿಂದಾಗಿ ಒಂದೂವರೆ ಗಂಟೆಯಾಯಿತು.

ಅಷ್ಟರಲ್ಲಿ ಕೆಳಗೆ ಗದ್ದಲ. ಮೂರನೇ ಮಹಡಿಯಲ್ಲಿ ವಿಜಯಪುರ ಕಡೆಯ ಹಿರಿಯ ದಂಪತಿ ಇದ್ದಾರೆ, ನಮಗೆಲ್ಲ ಕಾಕಾ, ಕಾಕು. ಕಾಕುಗೆ ಉಸಿರು ಕಟ್ಟತೊಡಗಿ ಆಂಬುಲೆನ್ಸ್ ಕರೆಸಿದ್ದರು. ಆಂಬುಲೆನ್ಸ್ ತಿರುವಿನವರೆಗೆ ಬಂದು ನಿಂತುಬಿಟ್ಟಿತ್ತು. ಒಂದು ಕಡೆ ಜೀಪು ಮತ್ತು ನನ್ನ ಕಾರು, ಎದುರು ಬದಿಯಲ್ಲಿ ಸಾಲಾಗಿ ಬೈಕುಗಳು. ಎಷ್ಟು ಹಿಂದೆ ಮುಂದೆ ಮಾಡಿದರೂ ತಿರುಗಲಿಲ್ಲ. ನಾನು ಕೀಲಿ ಹಿಡಿದು ಓಡಿ ಬರುವಷ್ಟರಲ್ಲಿ ಕಾಕುವನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೇಲೊಂದು ಛತ್ರಿ ಹಿಡಿದು ನಾಲ್ವರು ಎತ್ತಿಕೊಂಡು ಹೋಗುತ್ತಿದ್ದರು. ಆ ನಾಲ್ವರಲ್ಲಿ ಒಬ್ಬರು ಖಾಕಿಯಲ್ಲಿದ್ದರು. ಜೀಪಿನ ಚಾಲಕ.

ಆಂಬುಲೆನ್ಸ್ ಹೋದ ಮೇಲೆ ಸಿಟ್ಟಿನಲ್ಲಿ ಆ ಚಾಲಕನ ಮೇಲೆ ರೇಗಿದೆ. ಕಾನೂನು ಕಾಯುವವರೇ ಹೀಗೆ ಮಾಡಿದರೆ ಹೇಗೆ ಎಂದೆ. ಆತ ವಾದ ಮಾಡಲಿಲ್ಲ. ‘ಕುಠೇ ಲಾವೂ ಸಾಹೇಬ್?’ ಎಂದ. ಎಲ್ಲಿ ನಿಲ್ಲಿಸಲಿ ಹೇಳಿ ಎಂದು. ಠಾಣೆಯ ಅಂಗಳದ ತುಂಬ ಜಪ್ತಿ ಮಾಡಿದ ಗಾಡಿಗಳಿವೆ, ಸಾಹೇಬರು ಯಾವಾಗ ಕರೆಯುತ್ತಾರೋ ಗೊತ್ತಿಲ್ಲ, ಹತ್ತಿರದಲ್ಲೇ ನಿಲ್ಲಬೇಕು ಎಂದ. ನನ್ನ ಬಾಯಿ ಮುಚ್ಚಿಸಿದ್ದು ಅವನಲ್ಲ, ಪಕ್ಕದ ಕಟ್ಟಡದ ಅಜ್ಜ. ‘ತಮ್ಮಾ, ಅವಂಗ ಕಾನೂನ ಆಮೇಲೆ ಹೇಳಾಕಂತ. ಮೊದಲ ನಿನ್ನ ಗಾಡಿ ತಗಿ’ ಎಂದರು.

ಕಾಕು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಆ ನಡುವೆ ನನ್ನ ಮೊಬೈಲಿಗೆ ಇ-ಚಲನ್ ಬಂತು. ನೋ ಪಾರ್ಕಿಂಗ್, 500 ರೂಪಾಯಿ. ಅದೇ ಸಂಜೆಯ, ಅದೇ ತಿರುವಿನ ಫೋಟೊ. ನನ್ನ ನಂಬರ್ ಪ್ಲೇಟು ಸ್ಪಷ್ಟವಾಗಿ ಕಾಣುತ್ತಿತ್ತು. ಫೋಟೊದ ಅಂಚಿನಲ್ಲಿ ಜೀಪಿನ ಹಿಂದಿನ ಚಕ್ರವೂ ಇತ್ತು. ದಂಡ ಸರಿಯಾಗಿಯೇ ಇತ್ತು, ಕಟ್ಟಿದೆ. ಆದರೆ ಆ ಚಕ್ರ ತಲೆಯಲ್ಲಿ ಉಳಿಯಿತು. ಆ ಚಕ್ರದ ಗಾಡಿಗೂ ಚಲನ್ ಹೋಗಬೇಕಲ್ಲವೇ?

ಕಾನೂನು ಏನನ್ನುತ್ತದೆ ನೋಡೋಣ ಎಂದು ಓದಿದೆ. ಉತ್ತರ ಇಷ್ಟು ನೇರವಾಗಿರುತ್ತದೆ ಎಂದುಕೊಂಡಿರಲಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದಾಗ 210ಬಿ ಎಂಬ ಕಲಂ ಸೇರಿತು. ಈ ಕಾಯ್ದೆಯನ್ನು ಜಾರಿ ಮಾಡುವ ಅಧಿಕಾರ ಇರುವವರೇ ತಪ್ಪು ಮಾಡಿದರೆ ಆ ತಪ್ಪಿಗೆ ಇರುವ ದಂಡದ ಎರಡರಷ್ಟು ತೆರಬೇಕು. ಅಂದರೆ ನನಗೆ 500 ಆದರೆ ಅವರಿಗೆ 1000. ಅದೇ ವರ್ಷ ಸೆಪ್ಟೆಂಬರಿನಲ್ಲಿ ದೆಹಲಿ ಸಂಚಾರ ಪೊಲೀಸರು ತಮ್ಮ ಸಿಬ್ಬಂದಿಗೆ ಈ ಇಮ್ಮಡಿ ದಂಡವನ್ನು ನೆನಪಿಸಿ ಆದೇಶವನ್ನೂ ಹೊರಡಿಸಿದ್ದರು. ಹಾಗಾಗಿ ಪೊಲೀಸ್ ವಾಹನಕ್ಕೆ ದಂಡ ಹಾಕಬಹುದೇ ಎಂಬುದು ಈಗ ಪ್ರಶ್ನೆಯೇ ಅಲ್ಲ. ಹಾಕುವವರು ಯಾರು ಎಂಬುದು ಪ್ರಶ್ನೆ.

ಹಾಕಬಾರದು ಎನ್ನುವವರ ಮಾತಿನಲ್ಲೂ ಹುರುಳಿದೆ. ಕಳ್ಳನನ್ನು ಅಟ್ಟಿಸಿಕೊಂಡು ಬಂದ ಪೊಲೀಸರು ಪೇ ಆ್ಯಂಡ್ ಪಾರ್ಕ್ ಹುಡುಕುತ್ತ ಕೂರಲಾಗುವುದಿಲ್ಲ. ತುರ್ತು ಕೆಲಸದಲ್ಲಿರುವ ಅಗ್ನಿಶಾಮಕ, ಆಂಬುಲೆನ್ಸ್, ಪೊಲೀಸ್ ವಾಹನಗಳು ಎಚ್ಚರಿಕೆಯಿಂದ ಕೆಂಪು ದೀಪ ದಾಟಬಹುದು ಎಂದು ನಿಯಮಗಳೇ ಹೇಳುತ್ತವೆ. ಅದು ಇರಲೇಬೇಕು. ಆದರೆ ಆ ವಿನಾಯಿತಿ ಇರುವುದು ಕೆಲಸಕ್ಕೆ, ಗಾಡಿಯ ಬಣ್ಣಕ್ಕಲ್ಲ. ಅಪಘಾತದ ಜಾಗಕ್ಕೆ ಬಂದ ಜೀಪೂ ವಡಾಪಾವ್ ಅಂಗಡಿಯ ಮುಂದೆ ನಿಂತ ಜೀಪೂ ನೋಡುವವರಿಗೆ ಒಂದೇ ಥರ ಕಾಣುತ್ತವೆ. ಯಾವುದು ಯಾವುದೆಂದು ಗೊತ್ತಿರುವುದು ಇಲಾಖೆಗೆ ಮಾತ್ರ.

ಇನ್ನೊಂದು ವಾದ, ಸರ್ಕಾರದ ಗಾಡಿಗೆ ಸರ್ಕಾರವೇ ದಂಡ ಹಾಕಿದರೆ ದುಡ್ಡು ಎಡ ಜೇಬಿನಿಂದ ಬಲ ಜೇಬಿಗೆ ಹೋಗುತ್ತದೆ, ಅಷ್ಟೇ. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ದಂಡದ ಕೆಲಸ ದುಡ್ಡು ಕೂಡಿಸುವುದಲ್ಲ. ನ್ಯೂಯಾರ್ಕಿನ ಒಂದು ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ವಿಶ್ವಸಂಸ್ಥೆಗೆ ಬಂದ ಬೇರೆ ಬೇರೆ ದೇಶಗಳ ರಾಜತಾಂತ್ರಿಕರ ಕಾರುಗಳಿಗೆ ಪಾರ್ಕಿಂಗ್ ಚೀಟಿ ಅಂಟಿಸುತ್ತಿದ್ದರು, ಆದರೆ ಅವರಿಂದ ದಂಡ ವಸೂಲಿ ಮಾಡುವಂತಿರಲಿಲ್ಲ. 1997ರಿಂದ 2002ರವರೆಗೆ ಕಟ್ಟದೆ ಉಳಿದ ಚೀಟಿಗಳು ಒಂದೂವರೆ ಲಕ್ಷಕ್ಕೂ ಹೆಚ್ಚು ಎಂದು ರೇಮಂಡ್ ಫಿಸ್‌ಮನ್ ಮತ್ತು ಎಡ್ವರ್ಡ್ ಮಿಗೆಲ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. 2002ರ ಕೊನೆಯಲ್ಲಿ, ದಂಡ ಕಟ್ಟದವರ ವಿಶೇಷ ನಂಬರ್ ಪ್ಲೇಟನ್ನೇ ಕಿತ್ತುಕೊಳ್ಳುವ ಅಧಿಕಾರ ನಗರಕ್ಕೆ ಸಿಕ್ಕಿತು. ಉಲ್ಲಂಘನೆ ಸುಮಾರು 98 ಪ್ರತಿಶತ ಇಳಿಯಿತು. ಅದೇ ಜನ, ಅದೇ ರಸ್ತೆ. ಯಾರೋ ಲೆಕ್ಕ ಇಡುತ್ತಿದ್ದಾರೆ ಮತ್ತು ಲೆಕ್ಕ ಕೇಳುತ್ತಾರೆ ಎಂಬುದಷ್ಟೇ ಹೊಸದು.

ಮೂರನೆಯದು ನಿಜವಾದ ತೊಡಕು. ಒಬ್ಬ ಕಾನ್‌ಸ್ಟೇಬಲ್ ತನ್ನ ಮೇಲಧಿಕಾರಿಯ ಗಾಡಿಗೆ ಚಲನ್ ಹರಿಯುತ್ತಾನೆಯೇ? 1982ರಲ್ಲಿ ದೆಹಲಿಯ ಕನಾಟ್ ಪ್ಲೇಸ್‌ನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ಕಚೇರಿಯ ಕಾರನ್ನು ಸಂಚಾರ ಪೊಲೀಸರು ಕ್ರೇನಿನಲ್ಲಿ ಎತ್ತಿಕೊಂಡು ಹೋದ ಕಥೆ ನಮಗೆಲ್ಲ ಗೊತ್ತು. ಕಿರಣ್ ಬೇಡಿಯವರಿಗೆ ‘ಕ್ರೇನ್ ಬೇಡಿ’ ಎಂಬ ಹೆಸರು ಬಂದದ್ದೂ ಆ ಕಾಲದಲ್ಲೇ. ಆದರೆ ಚೀಟಿ ಬರೆದವರು ನಿರ್ಮಲ್ ಸಿಂಗ್ ಎಂಬ ಸಬ್ ಇನ್‌ಸ್ಪೆಕ್ಟರ್. ಸಂಚಾರ ವಿಭಾಗದ ಡಿಸಿಪಿಯಾಗಿದ್ದ ಬೇಡಿ ಅವರ ಬೆನ್ನಿಗೆ ನಿಂತರು. ನಾಲ್ಕು ದಶಕ ಕಳೆದರೂ ನಾವು ಆ ಒಂದೇ ಕಥೆಯನ್ನು ಹೇಳುತ್ತಿದ್ದೇವೆ ಎಂದರೆ ಅಂಥವು ಎಷ್ಟು ಅಪರೂಪ ಎಂದು ಗೊತ್ತಾಗುತ್ತದೆ. ನಮ್ಮ ಬೆಂಗಳೂರಿನಲ್ಲೂ 2022ರಲ್ಲಿ ಅರ್ಧ ಹೆಲ್ಮೆಟ್ ಹಾಕಿದ್ದ ಪೊಲೀಸ್ ಸಿಬ್ಬಂದಿಯೊಬ್ಬರಿಗೆ ದಂಡ ಹಾಕಿ ಆರ್.ಟಿ. ನಗರ ಸಂಚಾರ ಪೊಲೀಸರು ಟ್ವಿಟರ್‌ನಲ್ಲಿ ಫೋಟೊ ಹಾಕಿದ್ದರು. ಒಳ್ಳೆಯದೇ. ಆದರೆ ಅದೂ ಸುದ್ದಿಯಾಯಿತು. ಸುದ್ದಿಯಾಗದಷ್ಟು ಮಾಮೂಲಾದಾಗ ಕಾನೂನು ನಡೆಯುತ್ತಿದೆ ಎನ್ನಬಹುದು.

ಎಂ.ಟೆಕ್ ಓದಿ ಹತ್ತು ವರ್ಷದಿಂದ ಸಾಫ್ಟ್‌ವೇರ್ ಬರೆಯುವ ನನಗೆ ಇದರ ಪರಿಹಾರ ನನ್ನ ಕೆಲಸದ ಮೇಜಿನ ಮೇಲೇ ಕಾಣುತ್ತದೆ. ನಮ್ಮಲ್ಲಿ ಸಿಸ್ಟಮ್ ಅಡ್ಮಿನ್‌ಗೆ ಯಾರಿಗೂ ಇಲ್ಲದ ಅಧಿಕಾರ ಇರುತ್ತದೆ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಅವನು ಯಾರ ಅನುಮತಿಗೂ ಕಾಯಬೇಕಿಲ್ಲ. ಆದರೆ ಅವನು ಮಾಡಿದ ಪ್ರತಿಯೊಂದೂ ಲಾಗ್‌ನಲ್ಲಿ ದಾಖಲಾಗುತ್ತದೆ, ಆ ಲಾಗ್ ಅಳಿಸುವ ಅಧಿಕಾರ ಅವನಿಗಿಲ್ಲ. ಬೆಳಗ್ಗೆ ಯಾಕೆ ಮಾಡಿದೆ ಎಂದು ಕೇಳಿದರೆ ಒಂದು ಸಾಲು ಬರೆದರೆ ಸಾಕು. ಇದನ್ನು ಯಾರೂ ಅವಮಾನ ಎಂದುಕೊಳ್ಳುವುದಿಲ್ಲ. ಹೆಚ್ಚು ಅಧಿಕಾರ ಇದ್ದವರಿಗೆ ಹೆಚ್ಚು ಲಾಗ್, ಅಷ್ಟೇ.

ಪೊಲೀಸ್ ವಾಹನಕ್ಕೂ ಹೀಗೇ ಆಗಲಿ. ಕ್ಯಾಮೆರಾ ಯಾರ ಗಾಡಿ ಎಂದು ನೋಡದೆ ಎಲ್ಲರಿಗೂ ಚಲನ್ ಮಾಡಲಿ. ಚಾಲಕ ತುರ್ತು ಕೆಲಸದಲ್ಲಿದ್ದರೆ ಠಾಣೆಯ ಡೈರಿಯಲ್ಲಿ ಆ ಹೊತ್ತಿಗೆ ಒಂದು ನಮೂದು ಇದ್ದೇ ಇರುತ್ತದೆ. ಅದನ್ನು ತೋರಿಸಿ ಚಲನ್ ರದ್ದು ಮಾಡಿಸಿಕೊಳ್ಳಲಿ. ಬ್ರಿಟನ್ನಿನಲ್ಲಿ ವೇಗದ ಕ್ಯಾಮೆರಾಕ್ಕೆ ಸಿಕ್ಕ ಪೊಲೀಸ್ ಕಾರುಗಳ ವಿಷಯದಲ್ಲಿ ನಡೆಯುವುದು ಹೆಚ್ಚುಕಡಿಮೆ ಇದೇ. ಹೀಗಾದರೆ ಯಾವ ಕಾನ್‌ಸ್ಟೇಬಲ್ಲೂ ಸಾಹೇಬರ ಗಾಡಿಯ ಮುಂದೆ ಪೆನ್ನು ಹಿಡಿದು ನಿಂತು ಬೆವರಬೇಕಿಲ್ಲ.

ಜೀಪಿನ ಚಾಲಕ ಕೇಳಿದ ಪ್ರಶ್ನೆಗೂ ಉತ್ತರ ಅಲ್ಲಿಂದಲೇ ಸಿಗುತ್ತದೆ. ಈಗ ಅವನು ಎಲ್ಲಿ ನಿಲ್ಲಿಸಿದರೂ ನಡೆಯುತ್ತದೆ, ಆದ್ದರಿಂದ ಅವನಿಗೆ ಜಾಗ ಬೇಕು ಎಂದು ಯಾರಿಗೂ ಅನಿಸಿಲ್ಲ. ಒಂದು ಠಾಣೆಯ ಜೀಪುಗಳಿಗೆ ತಿಂಗಳಿಗೆ ನಲವತ್ತು ಚಲನ್ ಬಂದು, ಅದರಲ್ಲಿ ಮೂವತ್ತೈದಕ್ಕೆ ‘ನಿಲ್ಲಿಸಲು ಜಾಗವಿಲ್ಲ’ ಎಂಬ ಕಾರಣ ಬರೆದಿದ್ದರೆ ಮೇಲಿನವರು ಜಪ್ತಿ ಗಾಡಿಗಳನ್ನು ಹರಾಜು ಹಾಕಿ ಅಂಗಳ ಖಾಲಿ ಮಾಡಿಸಲೇಬೇಕಾಗುತ್ತದೆ. ಆ ದಂಡ ಚಾಲಕನ ಸಂಬಳದಿಂದ ಹೋಗಬಾರದು, ಅದನ್ನೂ ಹೇಳಿಬಿಡುತ್ತೇನೆ. ಅಲ್ಲೇ ನಿಲ್ಲಿಸು ಎಂದವರ ಲೆಕ್ಕಕ್ಕೆ ಹೋಗಬೇಕು.

ನಾನೀಗ ಹತ್ತಿರದ ಒಂದು ಕಟ್ಟಡದಲ್ಲಿ ತಿಂಗಳ ಬಾಡಿಗೆಗೆ ಪಾರ್ಕಿಂಗ್ ಜಾಗ ಹಿಡಿದಿದ್ದೇನೆ. ಮನೆಗೆ ಏಳು ನಿಮಿಷದ ನಡಿಗೆ. ಮಳೆಯಲ್ಲಿ ನಡೆದು ಬರುವಾಗ ಬೇಜಾರಾಗುತ್ತದೆ, ಆಮೇಲೆ ಆ ಪ್ಲಾಸ್ಟಿಕ್ ಕುರ್ಚಿ ನೆನಪಾಗುತ್ತದೆ.

ಮೊನ್ನೆ ಕಾಕುವನ್ನು ನೋಡಲು ಹೋದಾಗ ಕಾಕಾಗೆ ಈ 210ಬಿ ಕಥೆಯನ್ನೆಲ್ಲ ಹೇಳಿದೆ. ಚಲನ್ ಕಟ್ಟಿದ ರಸೀದಿಯನ್ನೂ ಮೊಬೈಲಿನಲ್ಲಿ ತೋರಿಸಿದೆ. ಅವರು ಕನ್ನಡಕ ಏರಿಸಿ ಫೋಟೊ ನೋಡಿದರು, ಅಂಚಿನ ಚಕ್ರದ ಮೇಲೆ ಬೆರಳಿಟ್ಟರು. ‘ಐನೂರು ನೀ ಕೊಟ್ಟಿ. ಇವರು ಸಾವಿರ ಕೊಟ್ಟಾರೇನು?’ ಎಂದರು.

‘ಗೊತ್ತಿಲ್ಲ ಕಾಕಾ’ ಎಂದೆ. ನನ್ನ ನಂಬರ್ ಹಾಕಿದರೆ ನನ್ನ ತಪ್ಪುಗಳ ಪಟ್ಟಿ ಎರಡು ನಿಮಿಷದಲ್ಲಿ ಬರುತ್ತದೆ. ಆ ಜೀಪಿನದನ್ನು ನೋಡುವ ದಾರಿ ನನಗೆ ಸಿಕ್ಕಿಲ್ಲ. ದಂಡ ಎಷ್ಟಾದರೂ ಇರಲಿ, ಕಾಕಾ ಕೇಳಿದ ಆ ಪ್ರಶ್ನೆಗೆ ಉತ್ತರ ಸಿಗುವಂತಾಗಲಿ. ನಾವು ಕೇಳಬೇಕಾದ್ದು ಮೊದಲು ಅದನ್ನೇ.